ಕೋಳಿಯ ಹೊಟ್ಟೆ ಕೆಟ್ಟರೆ ಮೊದಲು ಮೂಟೆ ಬಿಚ್ಚಿ ನೋಡಿ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕೋಳಿಗಳದ್ದೇ. ಅದರಲ್ಲೂ ಹೆಚ್ಚಿನವು ಹಿಕ್ಕೆಯ ಬಗ್ಗೆ. ಅದಕ್ಕೇ ಈ ಸಲ ಹಸು, ಹಂದಿ, ನಾಯಿಗಳ ಪ್ರಶ್ನೆ ಪಕ್ಕಕ್ಕಿಟ್ಟಿದ್ದೇನೆ. ಕೋಳಿಯ ಹೊಟ್ಟೆ, ಅದಕ್ಕೆ ಹಾಕುವ ಕಾಳು, ಅಂಗಡಿಯಲ್ಲಿ ಸಿಗುವ ಪುಡಿ ಮತ್ತು ಬಾಟಲಿ, ಇಷ್ಟರ ಬಗ್ಗೆ ಮಾತ್ರ ಬರೆಯುತ್ತೇನೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿಕೊಂಡಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಗಿರಿರಾಜ, ನಾಟಿ ಎಲ್ಲ ಸೇರಿ 40 ಕೋಳಿಗಳಿವೆ. ಮುಸುಕಿನ ಜೋಳ ದುಬಾರಿ ಆಯ್ತು ಅಂತ ಎರಡು ತಿಂಗಳಿಂದ ಅರ್ಧಕ್ಕಿಂತ ಜಾಸ್ತಿ ಗೋಧಿ ನುಚ್ಚು ಹಾಕುತ್ತಿದ್ದೇನೆ. ಈಗ ಹಿಕ್ಕೆ ಅಂಟು ಅಂಟು, ಹಿಂಭಾಗದ ಪುಕ್ಕಕ್ಕೆ ಮೆತ್ತಿಕೊಳ್ಳುತ್ತದೆ, ಗೂಡಿನ ಹೊಟ್ಟು ಒದ್ದೆ. ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ಪುಡಿ ಹಾಕಿದಾಗ ಐದು ದಿನ ಸರಿ ಇತ್ತು, ಆಮೇಲೆ ಮತ್ತೆ ಅದೇ ಕಥೆ. ತಿಂಗಳಿಗೊಮ್ಮೆ ಹಾಕುತ್ತಾ ಇರಬಹುದಾ? — ಓದುಗರು, ನಾಪೋಕ್ಲು

ಉತ್ತರ: ಬೇಡ. ಆ ಪುಡಿಯನ್ನು ಇವತ್ತೇ ನಿಲ್ಲಿಸಿ. ನಿಮ್ಮ ಕೋಳಿಗಳ ತೊಂದರೆ ಶುರುವಾಗಿರುವುದು ಗೋಧಿಯಿಂದ, ಪುಡಿ ಅದನ್ನು ಮುಟ್ಟುವುದೇ ಇಲ್ಲ.

ಬೆಂಡೆಕಾಯಿ ಹೆಚ್ಚಿ ನೀರಿಗೆ ಹಾಕಿದರೆ ಲೋಳೆ ಬಿಡುತ್ತದಲ್ಲ, ಗೋಧಿಯಲ್ಲೂ ಅಂಥದೇ ಒಂದು ನಾರು ಇದೆ. ಅರಾಬಿನೊಕ್ಸೈಲಾನ್ ಅಂತ ಅದರ ಹೆಸರು. ಬಾರ್ಲಿಯಲ್ಲಿ ಬೀಟಾ ಗ್ಲೂಕನ್ ಅನ್ನುವ ಇನ್ನೊಂದಿದೆ. ಇವನ್ನು ಒಡೆಯುವ ಕಿಣ್ವ ಕೋಳಿಯ ಹೊಟ್ಟೆಯಲ್ಲಿ ಇಲ್ಲ. ಹಾಗಾಗಿ ಕರುಳಿನೊಳಗೆ ನೀರು ಕುಡಿದು ಲೋಳೆಯಾಗುತ್ತದೆ, ತಿಂದದ್ದೆಲ್ಲ ಆ ಲೋಳೆಯಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಸಾಗುತ್ತದೆ, ಪಿಷ್ಟ ಪ್ರೋಟೀನು ಕೊಬ್ಬು ಯಾವುದೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹತ್ತದೆ ಉಳಿದದ್ದು ಕೆಳಗಿನ ಕರುಳಿಗೆ ಹೋಗುತ್ತದೆ. ಅಲ್ಲಿ ಕಾದು ಕೂತಿರುವುದು ಯಾರು? ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ. ಆರೋಗ್ಯವಾಗಿರುವ ಕೋಳಿಯಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ, ಸುಮ್ನೆ ಇರುತ್ತದೆ. ಊಟ ಸಿಕ್ಕಿದರೆ ಹೆಚ್ಚಾಗುತ್ತದೆ, ವಿಷ ಬಿಡುತ್ತದೆ, ಕರುಳಿನ ಒಳಪದರ ಕೊಳೆಯುತ್ತದೆ.

ಇದರ ಜೊತೆಗೆ ನಮ್ಮ ಮಳೆ. ಹಿಕ್ಕೆ ನೀರಾದರೆ ಹೊಟ್ಟು ಒದ್ದೆಯಾಗುತ್ತದೆ. ಒದ್ದೆ ಹೊಟ್ಟಿನಲ್ಲಿ ಕಾಕ್ಸಿಡಿಯಾ ಅನ್ನುವ ಪರೋಪಜೀವಿಯ ಮೊಟ್ಟೆಗಳು ಒಂದೆರಡು ದಿನದಲ್ಲೇ ಬಲಿತು ರೋಗ ಹರಡಲು ತಯಾರಾಗುತ್ತವೆ. ಕೋಳಿ ಕೆದಕಿ ತಿನ್ನುತ್ತದೆ, ಅವು ಕರುಳಿನ ಗೋಡೆಯನ್ನು ಕೊರೆಯುತ್ತವೆ, ಕೊರೆದ ಜಾಗದಲ್ಲಿ ಕ್ಲಾಸ್ಟ್ರಿಡಿಯಂಗೆ ಮತ್ತಷ್ಟು ಅನುಕೂಲ. ನೀವು ಹಾಕಿದ ಪುಡಿ ಬ್ಯಾಕ್ಟೀರಿಯಾವನ್ನು ಮಾತ್ರ ಐದು ದಿನ ಕಡಿಮೆ ಮಾಡಿತು. ಲೋಳೆ ಹಾಗೇ ಇತ್ತು, ಒದ್ದೆ ನೆಲ ಹಾಗೇ ಇತ್ತು. ಮತ್ತೆ ಬರದೆ ಇನ್ನೇನಾಗುತ್ತದೆ?

ಹೀಗೆ ಮಾಡಿ. ಗೋಧಿಯನ್ನು ನೂರು ಕಿಲೋ ಮೇವಿನಲ್ಲಿ ಹತ್ತು, ಹೆಚ್ಚೆಂದರೆ ಹದಿನೈದು ಕಿಲೋಗೆ ಇಳಿಸಿ. ಒಂದೇ ದಿನ ಬದಲಾಯಿಸಬೇಡಿ, ಒಂದು ವಾರ ಹತ್ತು ದಿನ ತಗೊಳ್ಳಿ. ಉಳಿದ ಜಾಗಕ್ಕೆ ಜೋಳ ಮತ್ತು ಅಕ್ಕಿ ನುಚ್ಚು ಹಾಕಿ. ಅಕ್ಕಿಯಲ್ಲಿ ಈ ಲೋಳೆಯ ನಾರು ತೀರಾ ಕಡಿಮೆ, ಕೋಳಿಗೆ ಸುಲಭವಾಗಿ ಅರಗುತ್ತದೆ. ನಮ್ಮ ಜಿಲ್ಲೆಯಲ್ಲಿ ಭತ್ತದ ಮಿಲ್‌ಗಳಿಂದ ನುಚ್ಚು ಸಿಗುತ್ತದೆ, ಕಡಂಬುಟ್ಟಿಗೆ (ಅಕ್ಕಿ ತರಿಯ ಉಂಡೆ) ತರಿ ಮಾಡುವಾಗ ಜರಡಿಯಲ್ಲಿ ಉಳಿಯುವ ಪುಡಿಯೂ ಆಗುತ್ತದೆ. ಗೋಧಿಯೇ ಹಾಕಬೇಕು ಅನ್ನುವ ಪರಿಸ್ಥಿತಿ ಇದ್ದರೆ ಕ್ಸೈಲನೇಸ್ ಅನ್ನುವ ಕಿಣ್ವದ ಪುಡಿ ಸಿಗುತ್ತದೆ. ಅದು ಆ ನಾರನ್ನೇ ಕತ್ತರಿಸುತ್ತದೆ. ಪ್ಯಾಕೆಟ್ ಮೇಲಿನ ಅಳತೆ ಮೀರಬೇಡಿ, ಬಿಸಿ ಗಂಜಿಗೆ ಮಾತ್ರ ಬೆರೆಸಬೇಡಿ, ಬಿಸಿಗೆ ಕಿಣ್ವ ಸಾಯುತ್ತದೆ.

ಹೊಟ್ಟನ್ನು ದಿನಾ ಕೆದಕಿ ಮಗುಚಿ. ಒಂದು ಹಿಡಿ ತಗೊಂಡು ಮುಷ್ಟಿಯಲ್ಲಿ ಅದುಮಿ, ಕೈ ಬಿಚ್ಚಿ ನೋಡಿ. ಉಂಡೆ ಹಾಗೇ ನಿಂತರೆ ಒದ್ದೆ ಜಾಸ್ತಿ, ಆ ಭಾಗ ತೆಗೆದು ಹೊಸದು ಹಾಕಬೇಕು. ಉಂಡೆಯಾಗಿ ನಿಧಾನಕ್ಕೆ ಬಿರಿದು ಉದುರಿದರೆ ಸರಿ ಇದೆ ಅಂತ ಅರ್ಥ. ನೀರಿನ ಪಾತ್ರೆಯ ಸುತ್ತ ಮೊದಲು ನೋಡಿ, ಹೆಚ್ಚಿನ ಗೂಡುಗಳಲ್ಲಿ ಒದ್ದೆ ಅಲ್ಲಿಂದಲೇ ಹರಡುವುದು.

ಹಿಕ್ಕೆ ನೋಡುವುದನ್ನೂ ಹೇಳಿಬಿಡುತ್ತೇನೆ, ತುಂಬಾ ಜನ ಕೇಳಿದ್ದಾರೆ. ಕಂದು ಬಣ್ಣ, ಆಕಾರ ಇರುವ ಹಿಕ್ಕೆ, ಮೇಲೊಂದು ಬಿಳಿ ಟೋಪಿ, ಇದು ಆರೋಗ್ಯದ ಲಕ್ಷಣ. ಆ ಬಿಳಿ ಮೂತ್ರದ ಭಾಗ. ಹತ್ತು ಸಲಕ್ಕೊಮ್ಮೆ ಕಪ್ಪಗೆ, ಅಂಟಾಗಿ, ಕೆಟ್ಟ ವಾಸನೆಯ ಹಿಕ್ಕೆ ಬರುತ್ತದೆ. ಅದನ್ನು ನೋಡಿ ಹೆದರಬೇಡಿ. ಕೋಳಿಗೆ ಕುರುಡು ಕರುಳು ಎರಡಿವೆ, ಅವು ದಿನಕ್ಕೆ ಎರಡು ಮೂರು ಸಲ ಖಾಲಿಯಾಗುತ್ತವೆ, ಅದು ಹೀಗೇ ಇರುವುದು. ಹೆದರಬೇಕಾದದ್ದು ರಕ್ತ ಕಂಡಾಗ, ಅರಗದ ಕಾಳು ಹಾಗೇ ಬಂದಾಗ, ಕಿತ್ತಳೆ ಬಣ್ಣದ ಲೋಳೆ ಬಂದಾಗ. ರಕ್ತ ಕಂಡರೆ ಅವತ್ತೇ ಪಶು ಆಸ್ಪತ್ರೆಗೆ ಹಸಿ ಹಿಕ್ಕೆ ತಗೊಂಡು ಹೋಗಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಕ್ಸಿಡಿಯಾ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಹೋಗಲು ಆಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಡಾಕ್ಟರ್ ಆಂಪ್ರೋಲಿಯಂ ಕೊಟ್ಟರೆ ಅದೇ ದಿನಗಳಲ್ಲಿ ಬಿ ಕಾಂಪ್ಲೆಕ್ಸ್ ಟಾನಿಕ್ ಕೊಡಬೇಡಿ. ಆ ಔಷಧಿ ಕೆಲಸ ಮಾಡುವುದೇ ಪರೋಪಜೀವಿಗೆ ಬಿ1 ವಿಟಮಿನ್ ಸಿಗದ ಹಾಗೆ ಮಾಡಿ. ಟಾನಿಕ್ ಕೊಟ್ಟರೆ ಔಷಧಿ ದಂಡ.

ಇನ್ನೊಂದು ಮಾತು. ಆ ಐದು ದಿನಗಳ ಮೊಟ್ಟೆಗಳನ್ನು ಮನೆಯವರು ತಿಂದಿರುತ್ತೀರಿ, ಅಕ್ಕಪಕ್ಕದವರಿಗೂ ಕೊಟ್ಟಿರುತ್ತೀರಿ. ಆಂಟಿಬಯೋಟಿಕ್ ಮೊಟ್ಟೆಗೂ ಮಾಂಸಕ್ಕೂ ಬರುತ್ತದೆ. ನಿಮ್ಮನ್ನು ಬೈಯುತ್ತಿಲ್ಲ, ಪುಡಿ ಕೊಡುವಾಗ ಅಂಗಡಿಯವರು ಇದನ್ನು ಹೇಳಬೇಕಿತ್ತು.

ಪ್ರಶ್ನೆ: ನಮ್ಮದೇ ಹೊಲದ ಜೋಳ. ಮಳೆಗೆ ಸಿಕ್ಕಿ ಅಲ್ಲಲ್ಲಿ ಹಸಿರು ಬೂಷ್ಟು ಬಂದಿದೆ. ತೊಳೆದು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದ್ದೇನೆ. ಕೋಳಿಗೆ ಹಾಕಬಹುದಲ್ವಾ? ಬೂಷ್ಟಿಗೆ ಪುಡಿ ಸಿಗುತ್ತದೆ ಅಂತಾರೆ, ಅದನ್ನು ಬೆರೆಸಿದರೆ? — ಓದುಗರು, ಸೋಮವಾರಪೇಟೆ

ಉತ್ತರ: ಹಾಕಬೇಡಿ. ಕಷ್ಟಪಟ್ಟು ಬೆಳೆದ ಜೋಳ ಚೆಲ್ಲಲು ಮನಸ್ಸು ಬರುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಹಾಕಬೇಡಿ.

ಬೂಷ್ಟು ಬೇರೆ, ಅದು ಬಿಡುವ ವಿಷ ಬೇರೆ. ಹೊಗೆಗೆ ಒಣಗಿಸಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಅಷ್ಟರೊಳಗೆ ಬಿಟ್ಟ ವಿಷ, ಅಫ್ಲಾಟಾಕ್ಸಿನ್, ಕಾಳಿನಲ್ಲೇ ಉಳಿಯುತ್ತದೆ. ಅದು ಒಲೆಯ ಬಿಸಿಗೆ ಹೋಗುವಂಥದ್ದಲ್ಲ, ಬೇಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ಕೋಳಿ ಮೇವಿನ ಗುಣಮಟ್ಟದ ಪ್ರಕಾರ ಅಫ್ಲಾಟಾಕ್ಸಿನ್ ಬಿ1 ಒಂದು ಟನ್ ಮೇವಿನಲ್ಲಿ 20 ಮಿಲಿಗ್ರಾಂ ಮೀರಬಾರದು. ಒಂದು ಟನ್‌ನಲ್ಲಿ ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ! ಅಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಕಾಣುತ್ತದೆಯೇ? ಮೂಗಿಗೆ ತಿಳಿಯುತ್ತದೆಯೇ? ಚೆನ್ನಾಗಿ ಕಾಣುವ ಕಾಳಿನಲ್ಲೂ ಇರಬಹುದು.

ಈ ವಿಷ ಜಗತ್ತಿಗೆ ಗೊತ್ತಾದದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಏನು ರೋಗ ಅಂತ ಗೊತ್ತಾಗದೆ ಅದಕ್ಕೆ ಟರ್ಕಿ ಎಕ್ಸ್ ರೋಗ ಅಂತ ಹೆಸರಿಟ್ಟರು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿ, ಅದರಲ್ಲಿ ಬೂಷ್ಟು.

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಜುಲೈನಲ್ಲಿ ಒಬ್ಬ ವ್ಯಾಪಾರಿಯಿಂದ ಎರಡು ಮೂಟೆ ಒಡೆದ ಜೋಳ ತಂದೆ. ಮೇಲ್ಗಡೆ ಹಳದಿಯಾಗಿ ಚೆನ್ನಾಗಿತ್ತು. ಮೂಟೆಯ ತಳದಲ್ಲಿ ಗಂಟು ಗಂಟಾಗಿತ್ತು, ನಾನು ಗಂಟು ಒಡೆದು ಹಾಕಿಬಿಟ್ಟೆ. ಮೂರು ವಾರದಲ್ಲಿ ಕೋಳಿಗಳು ಮಂಕಾದವು, ಮೊಟ್ಟೆ ನಿಂತಿತು, ಸಣ್ಣ ಪೆಟ್ಟಿಗೂ ಚರ್ಮದ ಕೆಳಗೆ ನೀಲಿ ಕಟ್ಟುತ್ತಿತ್ತು. ಸತ್ತದ್ದನ್ನು ಕೊಯ್ದು ನೋಡಿದರೆ ಈಲಿ (ಲಿವರ್) ಗಾಢ ಕೆಂಪಿರುವ ಬದಲು ಮಣ್ಣಿನ ಹಳದಿ, ಬೆರಳಿಟ್ಟರೆ ಬೆಣ್ಣೆಯ ಹಾಗೆ ಒಡೆಯುತ್ತಿತ್ತು. ಹನ್ನೊಂದು ಹೇಂಟೆ ಹೋದವು. ರಾಣಿಖೇತ್ ಲಸಿಕೆ ಹಾಕಿಸಿದ್ದೆ, ಆದರೂ ಉಳಿದವುಗಳ ಆರೋಗ್ಯ ಹಿಂದಿನ ಹಾಗೆ ಆಗಲೇ ಇಲ್ಲ. ಈ ವಿಷ ಈಲಿಯ ಜೊತೆಗೆ ರೋಗ ತಡೆಯುವ ಶಕ್ತಿಯನ್ನೂ ತಿನ್ನುತ್ತದೆ, ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲ. ಆ ಗಂಟನ್ನು ಕೈಯಲ್ಲಿ ಒಡೆದ ನೆನಪು ಈಗಲೂ ಇದೆ.

ಪುಡಿಗಳ ವಿಷಯ. ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ, ಎರಡನ್ನೂ ಬೂಷ್ಟಿನ ಪುಡಿ ಅಂತಲೇ ಕರೆಯುತ್ತಾರೆ. ಒಂದು ಬೂಷ್ಟು ಬರದಂತೆ ತಡೆಯುವುದು, ಅದರಲ್ಲಿ ಪ್ರೊಪಿಯೋನಿಕ್ ಆಮ್ಲ ಇಲ್ಲವೇ ಅದರ ಲವಣ ಇರುತ್ತದೆ. ಒಳ್ಳೆಯ ಮೇವನ್ನು ಕಾಪಾಡಲು ಇದು ಸರಿ, ಈಗಾಗಲೇ ಇರುವ ವಿಷಕ್ಕೆ ಏನೂ ಮಾಡುವುದಿಲ್ಲ. ಇನ್ನೊಂದು ಟಾಕ್ಸಿನ್ ಬೈಂಡರ್. ಬೆಂಟೊನೈಟ್‌ನಂಥ ಜೇಡಿಮಣ್ಣು ಅದು, ಕರುಳಿನಲ್ಲಿ ಅಫ್ಲಾಟಾಕ್ಸಿನ್ ಅನ್ನು ಹಿಡಿದುಕೊಂಡು ಹಿಕ್ಕೆಯಲ್ಲಿ ಹೊರಗೆ ತರುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬೂಷ್ಟು ಬಿಡುವ ವಿಷ ಅಫ್ಲಾಟಾಕ್ಸಿನ್ ಒಂದೇ ಅಲ್ಲ, ಬೇರೆ ಎಷ್ಟೋ ವಿಷಗಳನ್ನು ಈ ಮಣ್ಣು ಸರಿಯಾಗಿ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಚೆನ್ನಾಗಿರುವ ಮೇವಿಗೆ ಒಂದು ಕಾವಲು ಅಂತ ಹಾಕಿ. ಹಾಳಾದ ಜೋಳವನ್ನು ಒಳ್ಳೆಯದು ಮಾಡುವ ಪುಡಿ ಅಲ್ಲ ಅದು.

ಈ ಜೋಳವನ್ನು ಹಸುವಿಗೆ ಹಾಕೋಣ ಅಂತಲೂ ಅಂದುಕೊಳ್ಳಬೇಡಿ, ಹಾಲಿನಲ್ಲಿ ಬರುತ್ತದೆ. ಹಂದಿಗೂ ಬೇಡ. ಬಾತು ಸಾಕಿದ್ದರೆ ಅದರ ಹತ್ತಿರ ಸುಳಿಯಲೇ ಬಿಡಬೇಡಿ, ಬಾತಿನ ಮರಿಗಳು ಕೋಳಿಗಿಂತ ಎಷ್ಟೋ ಬೇಗ ಸಾಯುತ್ತವೆ.

ಮುಂದಿನ ವರ್ಷಕ್ಕೆ ಒಂದು ಸುಲಭ ಪರೀಕ್ಷೆ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಜೋಳ, ಒಂದೆರಡು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಮುಚ್ಚಿ ಕುಲುಕಿ. ಹತ್ತು ನಿಮಿಷ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದರೆ ಜೋಳದಲ್ಲಿ ನೀರಿನಂಶ ಶೇ. 15ಕ್ಕಿಂತ ಜಾಸ್ತಿ, ಇನ್ನೂ ಒಣಗಿಸಬೇಕು. 13ರ ಒಳಗೆ ಬಂದರೆ ಮಾತ್ರ ಮೂಟೆ ಕಟ್ಟಬೇಕು. ಉಪ್ಪು ಉದುರಿದರೂ ಇನ್ನೆರಡು ಬಿಸಿಲು ತೋರಿಸಿ ಕಟ್ಟಿದರೆ ನಮ್ಮ ಹವೆಗೆ ಒಳ್ಳೆಯದು. ಮೂಟೆ ನೆಲದ ಮೇಲೆ ಬೇಡ, ಗೋಡೆಗೆ ತಾಗಿಸಿಯೂ ಬೇಡ. ಮರದ ಹಲಗೆ ಮೇಲಿಡಿ. ಒಡೆಸಿದ ಜೋಳ ಇಡೀ ಕಾಳಿಗಿಂತ ಬೇಗ ಕೆಡುತ್ತದೆ, ಅದಕ್ಕೇ ವಾರಕ್ಕೆ ಬೇಕಾದಷ್ಟೇ ಒಡೆಸಿಕೊಳ್ಳಿ. ತೌಡಿಗೂ ಇದೇ ಮಾತು. ಅದರಲ್ಲಿ ಎಣ್ಣೆ ಇದೆ, ಮಿಲ್‌ನಿಂದ ಬಂದ ಕೆಲವೇ ದಿನದಲ್ಲಿ ಕಮಟು ಹಿಡಿಯುತ್ತದೆ. ಕಮಟು ತೌಡು ಕೋಳಿಯ ಹೊಟ್ಟೆ ಕೆಡಿಸುತ್ತದೆ.

ಪ್ರಶ್ನೆ: ಅಮ್ಮ ಕೋಳಿಗಳಿಗೆ ಇಡೀ ಭತ್ತ ಎರಚುತ್ತಾರೆ. ಸಿಪ್ಪೆ ಚುಚ್ಚಿ ಕರುಳು ಹರಿಯುತ್ತದೆ, ನುಚ್ಚು ಹಾಕಿ ಅಂತ ನಾನು ಹೇಳುತ್ತೇನೆ. ಯಾರು ಸರಿ? — ಓದುಗರು, ಮಡಿಕೇರಿ

ಉತ್ತರ: ಹೆಚ್ಚುಪಾಲು ನಿಮ್ಮ ಅಮ್ಮನೇ ಸರಿ.

ಕೋಳಿಗೆ ಹಲ್ಲಿಲ್ಲ. ಹಲ್ಲಿನ ಕೆಲಸ ಮಾಡುವುದು ಹೊಟ್ಟೆಯೊಳಗಿರುವ ಒಂದು ಗಟ್ಟಿ ಮಾಂಸದ ಚೀಲ, ಗಿಜರ್ಡ್ ಅಂತಾರೆ. ಮುಂದಿನ ಸಲ ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಯ ಕೋಳಿ ಕೊಯ್ದಾಗ ಅದನ್ನು ಅಡ್ಡ ಸೀಳಿ ನೋಡಿ. ಹೊರಗೆ ಗಾಢ ಕೆಂಪು ಮಾಂಸ, ಚಾಕು ಗಟ್ಟಿಯಾಗಿ ಒತ್ತಬೇಕು. ಒಳಗೆ ಹಳದಿ ಬಣ್ಣದ, ಒರಟಾದ, ಚರ್ಮದಂಥ ಪೊರೆ, ಉಗುರಿನಿಂದ ಎತ್ತಿದರೆ ಒಂದೇ ಸಲಕ್ಕೆ ಸುಲಿದು ಬರುತ್ತದೆ. ಅದರೊಳಗೆ ಅರೆದ ಭತ್ತದ ಹೊಟ್ಟು, ಹುಲ್ಲಿನ ಚೂರು, ನಡುವೆ ಅಕ್ಕಿ ಕಾಳಿನಷ್ಟು ದೊಡ್ಡ ಬಿಳಿ ಕಲ್ಲುಗಳು. ಆ ಕಲ್ಲುಗಳ ಮೂಲೆಗಳು ಸವೆದು ನುಣ್ಣಗಾಗಿರುತ್ತವೆ. ಬೀಸುವ ಕಲ್ಲು ಅಂದರೆ ಅದೇ. ಭತ್ತದ ಸಿಪ್ಪೆ ಅಲ್ಲಿ ಪುಡಿಯಾಗುತ್ತದೆ, ಕರುಳಿಗೆ ಮುಳ್ಳಾಗಿ ಹೋಗುವುದಿಲ್ಲ. ಬರೀ ನುಣ್ಣನೆ ಪುಡಿ ತಿಂದು ಬೆಳೆದ ಕೋಳಿಯದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಚಿಕ್ಕದು, ಮೆತ್ತಗಿನದು.

ಇದರಿಂದ ಹೊಟ್ಟೆಗೆ ಏನು ಲಾಭ ಅಂದರೆ, ಇಡೀ ಕಾಳು ಅರೆಯಲು ಆ ಚೀಲ ಬೆಳೆಯುತ್ತದೆ, ಮೇವು ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ, ಆಮ್ಲದ ಜೊತೆ ಚೆನ್ನಾಗಿ ಬೆರೆಯುತ್ತದೆ. ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬಹಳಷ್ಟು ಅಲ್ಲೇ ಸಾಯುತ್ತವೆ. ಕರುಳಿಗೆ ಹೋಗುವಾಗ ಮೇವು ಅರೆದು ಹದವಾಗಿರುತ್ತದೆ. ದುಡ್ಡು ಕೊಟ್ಟು ತರುವ ಎಷ್ಟೋ ಬಾಟಲಿಗಳು ಮಾಡಲು ಹೊರಟಿರುವ ಕೆಲಸ ಇದೇ.

ನಿಮ್ಮ ಮಾತಿನಲ್ಲೂ ಸತ್ಯ ಇದೆ. ಸಣ್ಣ ಮರಿಗಳಿಗೆ ಭತ್ತ ಬೇಡ, ನುಚ್ಚೇ ಸರಿ. ಮತ್ತೆ, ಮಳೆಗಾಲದಲ್ಲಿ ವಾರಗಟ್ಟಲೆ ಕೋಳಿಗಳನ್ನು ಗೂಡಿನಲ್ಲೇ ಕೂಡಿ ಹಾಕುತ್ತೇವೆ. ಹೊರಗೆ ಹೋಗದಿದ್ದರೆ ಕಲ್ಲು ಎಲ್ಲಿಂದ ಸಿಗಬೇಕು? ಒಂದು ಡಬ್ಬದಲ್ಲಿ ತೊಳೆದ ಸಣ್ಣ ಗಟ್ಟಿ ಕಲ್ಲು ಇಡಿ. ಚಿಪ್ಪಿನ ಪುಡಿ ಇಟ್ಟಿದ್ದೇನಲ್ಲ ಅಂತ ಕೆಲವರು ಹೇಳುತ್ತಾರೆ. ಚಿಪ್ಪು ಆಮ್ಲಕ್ಕೆ ಕರಗಿಹೋಗುತ್ತದೆ. ಅದು ಮೊಟ್ಟೆಯ ಸಿಪ್ಪೆಗೆ ಬೇಕು, ಅರೆಯಲು ಕಲ್ಲೇ ಬೇಕು. ಎರಡನ್ನೂ ಬೇರೆ ಬೇರೆ ಇಡಿ. ಇನ್ನು ಭತ್ತದಲ್ಲಿ ಪ್ರೋಟೀನ್ ಶೇ. 7–8 ಮಾತ್ರ, ಮೊಟ್ಟೆ ಇಡುವ ಕೋಳಿಗೆ 16ರ ಮೇಲೆ ಬೇಕು. ಹಾಗಾಗಿ ಬೆಳಿಗ್ಗೆ ಲೇಯರ್ ಮೇವು, ಸಂಜೆ ಗೂಡಿಗೆ ಹೋಗುವ ಮುಂಚೆ ಅಮ್ಮ ಎರಚುವ ಒಂದೊಂದು ಹಿಡಿ ಭತ್ತ. ನನ್ನ ಹಿತ್ತಲಲ್ಲೂ ಹೀಗೇ ಮಾಡುತ್ತೇನೆ.

ಪ್ರಶ್ನೆ: ಕಾವಿಗೆ ಕೂತ ನಮ್ಮ ಕೋಳಿಯ ಮರಿಗಳಿಗೆ ಏನೂ ಆಗುವುದಿಲ್ಲ. ಹ್ಯಾಚರಿಯಿಂದ ತಂದ 50 ಮರಿಗಳಲ್ಲಿ ಮೊದಲ ವಾರವೇ ಹಿಂಭಾಗ ಕಟ್ಟಿಕೊಂಡು ಆರು ಸತ್ತವು. ಮೊಸರು ಕೊಟ್ಟರೆ ಒಳ್ಳೆಯದಾ, ಪ್ರೊಬಯೋಟಿಕ್ ತರಬೇಕಾ? — ಓದುಗರು, ಗೋಣಿಕೊಪ್ಪಲು

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಮೊಟ್ಟೆಯಿಂದ ಆಗ ತಾನೇ ಬಂದ ಮರಿಯ ಕರುಳು ಹೆಚ್ಚುಕಡಿಮೆ ಖಾಲಿ ಮನೆ. ಮೊದಲು ಯಾರು ಬಂದು ಕೂರುತ್ತಾರೋ ಅವರದ್ದೇ ಜಾಗ. ತಾಯಿಯ ಜೊತೆ ಇರುವ ಮರಿ ಮೊದಲ ದಿನದಿಂದಲೇ ತಾಯಿ ಕೆದಕಿದ ಜಾಗ ಕುಕ್ಕುತ್ತದೆ, ತಾಯಿಯ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಮರಿಗೆ ಬರುತ್ತವೆ. ಹ್ಯಾಚರಿಯಲ್ಲಿ ಎಲ್ಲ ಸ್ವಚ್ಛ, ತಾಯಿ ಇಲ್ಲ.

1973ರಲ್ಲಿ ಫಿನ್‌ಲೆಂಡಿನ ನುರ್ಮಿ ಮತ್ತು ರಂಟಾಲ ಅನ್ನುವ ವಿಜ್ಞಾನಿಗಳು ಇದನ್ನೇ ತೋರಿಸಿದರು. ಅಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗದ ಬ್ಯಾಕ್ಟೀರಿಯಾದ ಕಾಟ ಜೋರಾಗಿತ್ತು. ದೊಡ್ಡ ಕೋಳಿಯ ಕರುಳಿನಲ್ಲಿರುವುದನ್ನು ಹೊಸ ಮರಿಗಳಿಗೆ ಕೊಟ್ಟಾಗ ಸಾಲ್ಮೊನೆಲ್ಲಾಗೆ ಜಾಗವೇ ಸಿಗಲಿಲ್ಲ. ಈಗ ಸಿಗುವ ಪ್ರೊಬಯೋಟಿಕ್ ಪುಡಿಗಳ ಹಿಂದೆ ಇರುವುದು ಅದೇ ಯೋಚನೆ. ಹಾಗಂತ ನೀವು ದೊಡ್ಡ ಕೋಳಿಯ ಹಿಕ್ಕೆ ತಂದು ಮರಿಗಳಿಗೆ ಹಾಕಬೇಡಿ! ಅದರಲ್ಲಿ ಕಾಕ್ಸಿಡಿಯಾ, ಹುಳದ ಮೊಟ್ಟೆ, ಸಾಲ್ಮೊನೆಲ್ಲಾ ಏನು ಬೇಕಾದರೂ ಇರಬಹುದು.

ಪ್ರೊಬಯೋಟಿಕ್ ತರುವುದಾದರೆ ಮರಿ ಬಂದ ಮೊದಲ ದಿನದಿಂದಲೇ ಕೊಡಿ. ಮೂರನೇ ವಾರಕ್ಕೆ ಶುರು ಮಾಡಿದರೆ ಅಷ್ಟು ಪ್ರಯೋಜನ ಇಲ್ಲ. ಕ್ಲೋರಿನ್ ಹಾಕಿದ ನಲ್ಲಿ ನೀರಿಗೆ ಬೆರೆಸಬೇಡಿ, ಆಂಟಿಬಯೋಟಿಕ್ ಜೊತೆಗೆ ಕೊಡಬೇಡಿ, ಎರಡೂ ಅದನ್ನು ಕೊಲ್ಲುತ್ತವೆ. ಮೊಸರಿನಲ್ಲೂ ಲ್ಯಾಕ್ಟೋಬ್ಯಾಸಿಲಸ್ ಇದೆ ನಿಜ. ಆದರೆ ಹಾಲಿನ ಸಕ್ಕರೆ ಕೋಳಿಗೆ ಸರಿಯಾಗಿ ಅರಗುವುದಿಲ್ಲ, ಜಾಸ್ತಿಯಾದರೆ ಭೇದಿ. 50 ಮರಿಗೆ ಎರಡು ಮೂರು ಚಮಚ ಮೊಸರು ಮೇವಿಗೆ ಕಲಸಿ, ಒಂದು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡಿ.

ಆದರೆ ಹಿಂಭಾಗ ಕಟ್ಟಿಕೊಳ್ಳುವುದಕ್ಕೆ ನಾನು ಮೊದಲು ಅನುಮಾನ ಪಡುವುದು ಚಳಿಯನ್ನು. ಮೊದಲ ವಾರ ಮರಿಗಳಿಗೆ 32ರಿಂದ 35 ಡಿಗ್ರಿ ಬಿಸಿ ಬೇಕು. ಜುಲೈನಲ್ಲಿ ನಮ್ಮ ಊರುಗಳಲ್ಲಿ ಒಂದು ಬಲ್ಬಿಗೆ ಅಷ್ಟು ಬಿಸಿ ಬರುವುದಿಲ್ಲ, ಕರೆಂಟ್ ಬೇರೆ ಹೋಗುತ್ತದೆ. ಚಳಿ ಹಿಡಿದ ಮರಿ ತಿನ್ನುವುದಿಲ್ಲ, ತಿನ್ನದ ಮರಿಯ ಕರುಳು ಬೆಳೆಯುವುದಿಲ್ಲ. ಮರಿ ತಂದ ಮಾರನೇ ದಿನ ಹತ್ತಿಪ್ಪತ್ತು ಮರಿಗಳನ್ನು ಎತ್ತಿ ಕತ್ತಿನ ಕೆಳಗೆ, ಎದೆಯ ಹತ್ತಿರ ಮೆಲ್ಲಗೆ ಮುಟ್ಟಿ ನೋಡಿ. ಮೇವಿನ ಚೀಲ ತುಂಬಿ ಮೆತ್ತಗಿರಬೇಕು. ಖಾಲಿ ಇರುವವು ಒಂದೆರಡಕ್ಕಿಂತ ಜಾಸ್ತಿ ಇದ್ದರೆ ಪ್ರೊಬಯೋಟಿಕ್ ಹುಡುಕುವ ಮೊದಲು ಬಿಸಿ ಹೆಚ್ಚಿಸಿ.

ಪ್ರಶ್ನೆ: ಕಂಪನಿಯವರ ಮರಿ, ಅವರದೇ ಫೀಡು, ಶೆಡ್ಡು ನಮ್ಮದು. ಫೀಡಿನಲ್ಲಿ ಆಂಟಿಬಯೋಟಿಕ್ ಇಲ್ಲ, ಎನ್‌ಜೈಮ್, ಆಸಿಡಿಫೈಯರ್ ಹಾಕಿದ್ದೇವೆ ಅಂತಾರೆ. ಇದೆಲ್ಲ ನಿಜವಾಗಿ ಕೆಲಸ ಮಾಡುತ್ತದಾ? ಮೊದಲು ಆಂಟಿಬಯೋಟಿಕ್ ಹಾಕುತ್ತಿದ್ದದ್ದು ಯಾಕೆ? — ಓದುಗರು, ಕುಶಾಲನಗರ

ಉತ್ತರ: 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಔಷಧಿ ತಯಾರಿಸಿ ಉಳಿದ ಚರಟವನ್ನು ಮರಿಗಳಿಗೆ ಹಾಕಿ ನೋಡಿದರು. ಅದರಲ್ಲಿರುವ ಬಿ12 ವಿಟಮಿನ್ ಪ್ರಯೋಜನಕ್ಕೆ ಬರುತ್ತದೆ ಅಂತ ಅವರ ಲೆಕ್ಕ. ಮರಿಗಳು ಆ ಲೆಕ್ಕಕ್ಕಿಂತ ಜಾಸ್ತಿ ಬೆಳೆದವು. ಕಾರಣ ಅದರಲ್ಲಿ ಉಳಿದಿದ್ದ ಆರಿಯೋಮೈಸಿನ್ ಅನ್ನುವ ಆಂಟಿಬಯೋಟಿಕ್. ಅಲ್ಲಿಂದ ಜಗತ್ತೆಲ್ಲ ರೋಗ ಇಲ್ಲದ ಕೋಳಿಗೂ ದಿನಾ ಸ್ವಲ್ಪ ಆಂಟಿಬಯೋಟಿಕ್ ಹಾಕುವ ರೂಢಿ ಬಂತು. ದಿನಾ ಸ್ವಲ್ಪ ಸ್ವಲ್ಪ ಸಿಕ್ಕಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಮನುಷ್ಯರಿಗೆ ಕಾಯಿಲೆ ಬಂದಾಗ ಅದೇ ಔಷಧಿ ನಾಟುವುದಿಲ್ಲ. ಸ್ವೀಡನ್ 1986ರಲ್ಲೇ ನಿಲ್ಲಿಸಿತು, ಇಡೀ ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ. ನಮ್ಮಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2014ರಲ್ಲಿ 70 ಕೋಳಿ ಮಾಂಸದ ಮಾದರಿ ಪರೀಕ್ಷಿಸಿದಾಗ ಶೇ. 40ರಲ್ಲಿ ಆಂಟಿಬಯೋಟಿಕ್ ಉಳಿಕೆ ಸಿಕ್ಕಿತ್ತು. ಬೇರೆ ಯಾವುದೂ ನಾಟದಾಗ ಡಾಕ್ಟರ್‌ಗಳು ರೋಗಿಗೆ ಕೊನೆಯದಾಗಿ ಕೊಡುವ ಕೊಲಿಸ್ಟಿನ್ ಕೂಡ ಕೋಳಿಗೆ ಹೋಗುತ್ತಿತ್ತು! 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿತು. ನಿಮ್ಮ ಕಂಪನಿಯವರು ನಿಲ್ಲಿಸಿದ್ದರೆ ಒಳ್ಳೆಯ ಕೆಲಸ ಮಾಡಿದ್ದಾರೆ.

ಬದಲಿಗೆ ಹಾಕುವವು ಕೆಲಸ ಮಾಡುತ್ತವೆ, ಆದರೆ ಒಂದೊಂದಕ್ಕೆ ಒಂದೊಂದು ಕೆಲಸ. ಕ್ಸೈಲನೇಸ್ ಬಗ್ಗೆ ಮೇಲೆ ಹೇಳಿದೆ. ಫೈಟೇಸ್ ಇನ್ನೊಂದು ಕಿಣ್ವ. ಕಾಳಿನಲ್ಲಿರುವ ರಂಜಕದಲ್ಲಿ ಸುಮಾರು ಮೂರನೇ ಎರಡು ಭಾಗ ಫೈಟೇಟ್ ಅನ್ನುವ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತದೆ, ಸುಣ್ಣ ಸತುವನ್ನೂ ಹಿಡಿದುಕೊಂಡಿರುತ್ತದೆ. ಫೈಟೇಸ್ ಆ ಬೀಗ ತೆಗೆಯುತ್ತದೆ. ಆಸಿಡಿಫೈಯರ್‌ಗಳು ಫಾರ್ಮಿಕ್, ಪ್ರೊಪಿಯೋನಿಕ್‌ನಂಥ ಆಮ್ಲಗಳು, ಮೇವಿನಲ್ಲೂ ಮೇಲಿನ ಹೊಟ್ಟೆಯಲ್ಲೂ ಕೆಟ್ಟ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತವೆ. ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೇ ಆಹಾರ. ಯೀಸ್ಟಿನಿಂದ ತೆಗೆದ ಎಂಒಎಸ್ ಕೆಟ್ಟ ಬ್ಯಾಕ್ಟೀರಿಯಾ ಕರುಳಿಗೆ ಅಂಟಿಕೊಳ್ಳದಂತೆ ಅಡ್ಡ ನಿಲ್ಲುತ್ತದೆ. ಆದರೆ ಆಂಟಿಬಯೋಟಿಕ್ ಇದ್ದಾಗ ಶೆಡ್ಡಿನ ಎಷ್ಟೋ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಈಗ ಮುಚ್ಚುವುದಿಲ್ಲ. ನಿಪ್ಪಲ್‌ನಿಂದ ನೀರು ಸೋರಿದರೆ, ಪರದೆ ಪೂರ್ತಿ ಇಳಿಸಿ ಗಾಳಿ ಕಟ್ಟಿದರೆ, ಹೊಟ್ಟಿನ ಅಮೋನಿಯಾ ಕಣ್ಣಿಗೆ ಚುಚ್ಚುವಷ್ಟಾದರೆ, ಎರಡೇ ದಿನದಲ್ಲಿ ಹಿಕ್ಕೆಯಲ್ಲಿ ಕಾಣುತ್ತದೆ. ಅದು ನಿಮ್ಮ ಕೈಯಲ್ಲಿರುವ ಭಾಗ.

ಒಂದು ಎಚ್ಚರಿಕೆ. ಬ್ರಾಯ್ಲರ್ ಫೀಡಿನಲ್ಲಿ ಕಾಕ್ಸಿಡಿಯಾ ತಡೆಯಲು ಮೊನೆನ್ಸಿನ್ ಅಥವಾ ಸ್ಯಾಲಿನೊಮೈಸಿನ್ ಇರಬಹುದು. ಕುದುರೆಗೆ ಅದು ಸ್ವಲ್ಪ ಹೋದರೂ ಪ್ರಾಣಕ್ಕೇ ಅಪಾಯ. ಹೋಂಸ್ಟೇಗಳಲ್ಲಿ ಕುದುರೆ ಸಾಕಿದವರು ಇದ್ದೀರಿ, ಕೋಳಿ ಫೀಡಿನ ಮೂಟೆ ಲಾಯದ ಹತ್ತಿರವೂ ಬೇಡ.

ಪ್ರಶ್ನೆ: ಹುಳಿ ನೀರು ಕೋಳಿಯ ಕರುಳಿಗೆ ಒಳ್ಳೆಯದು ಅಂತ ವಿಡಿಯೋ ನೋಡಿದೆ. ನಮ್ಮ ಮನೆಯಲ್ಲಿ ಕಾಚಂಪುಳಿ (ಹಣ್ಣಿನಿಂದ ಮಾಡುವ ಗಟ್ಟಿ ಹುಳಿ) ಬೇಕಾದಷ್ಟಿದೆ. ಕೊಡಬಹುದಾ? — ಓದುಗರು, ವಿರಾಜಪೇಟೆ

ಉತ್ತರ: ಕಾಚಂಪುಳಿಯನ್ನು ಪಂದಿ ಕರಿಗೆ (ಹಂದಿ ಸಾರಿಗೆ) ಇಟ್ಟುಕೊಳ್ಳಿ. ಕೋಳಿಯಲ್ಲಿ ಚೆನ್ನಾಗಿ ಪರೀಕ್ಷಿಸಿ ನೋಡಿರುವ ಆಮ್ಲಗಳು ಫಾರ್ಮಿಕ್, ಪ್ರೊಪಿಯೋನಿಕ್, ಲ್ಯಾಕ್ಟಿಕ್, ಬ್ಯುಟಿರಿಕ್. ಕಾಚಂಪುಳಿಯ ಹುಳಿ ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅದು ಬೇರೆ. ಅಷ್ಟು ಗಟ್ಟಿ ಹುಳಿ ಬೆರೆತರೆ ಕೋಳಿ ನೀರೇ ಕುಡಿಯುವುದಿಲ್ಲ, ನೀರು ಬಿಟ್ಟ ಕೋಳಿ ಮೇವೂ ಬಿಡುತ್ತದೆ. ಕೊಡಲೇಬೇಕು ಅನ್ನಿಸಿದರೆ ಅಡುಗೆಯ ವಿನೆಗರ್ ಲೀಟರಿಗೆ ಒಂದು ಸಣ್ಣ ಚಮಚ, ವಾರದಲ್ಲಿ ಒಂದೆರಡು ದಿನ ಸಾಕು. ಪ್ಲಾಸ್ಟಿಕ್ ಪಾತ್ರೆಯಲ್ಲಿ ಕೊಡಿ. ಸತು ಲೇಪಿಸಿದ ತಗಡಿನ ಪಾತ್ರೆಯಲ್ಲಿ ಹುಳಿ ಹಾಕಿದರೆ ಸತು ಕರಗಿ ನೀರಿಗೆ ಬರುತ್ತದೆ. ನೀರಿನಲ್ಲಿ ಲಸಿಕೆ ಕೊಡುವ ದಿನ, ಅದರ ಹಿಂದಿನ ಮುಂದಿನ ದಿನ ಹುಳಿ ಬೇಡವೇ ಬೇಡ.

ಪ್ರಶ್ನೆ: ಭತ್ತದ ಹೊಟ್ಟು ಸಿಗುತ್ತಿಲ್ಲ. ಕಾಫಿ ಸಿಪ್ಪೆ ರಾಶಿ ಬಿದ್ದಿದೆ, ಗೂಡಿಗೆ ಹರಡಬಹುದಾ? — ಹೆಸರು ಬೇಡ ಎಂದವರು, ಸಿದ್ದಾಪುರ

ಉತ್ತರ: ಮಳೆಗೆ ನೆನೆದು ರಾಶಿಯಲ್ಲಿದ್ದ ಸಿಪ್ಪೆಯಾದರೆ ಖಂಡಿತ ಬೇಡ. ಕೋಳಿ ನೆಲದಲ್ಲಿರುವುದನ್ನೆಲ್ಲ ಕುಕ್ಕುತ್ತದೆ. ಕಾಫಿ ಸಿಪ್ಪೆಯಲ್ಲಿ ಕೆಫೀನ್ ಇದೆ, ಟ್ಯಾನಿನ್ ಇದೆ, ಮೇಲಾಗಿ ಕಾಫಿಗೆ ಬರುವ ಬೂಷ್ಟಿನ ಓಕ್ರಾಟಾಕ್ಸಿನ್ ಬೀಜಕ್ಕಿಂತ ಸಿಪ್ಪೆಯಲ್ಲೇ ಜಾಸ್ತಿ ಸೇರಿಕೊಳ್ಳುತ್ತದೆ. ಅದು ಕೋಳಿಯ ಮೂತ್ರಪಿಂಡ ಹಾಳುಮಾಡುತ್ತದೆ. ಮರದ ಮಿಲ್‌ನಲ್ಲಿ ಒಣ ಹೆರೆತ ಸಿಗುತ್ತದಾ ವಿಚಾರಿಸಿ, ತೀರಾ ನುಣ್ಣನೆ ಪುಡಿ ಬೇಡ. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿ.

ಪ್ರಶ್ನೆ: ಪ್ರೋಟೀನಿಗೆ ಅಂತ ಒಣಮೀನು ಪುಡಿ ಮಾಡಿ ಹಾಕುತ್ತೇನೆ. ಕೋಳಿಗಳು ನೀರು ಕುಡಿಯುತ್ತಲೇ ಇರುತ್ತವೆ, ಹಿಕ್ಕೆ ನೀರು ನೀರು. — ಓದುಗರು, ಪೊನ್ನಂಪೇಟೆ

ಉತ್ತರ: ಉಪ್ಪು ಕಣಮ್ಮ. ನಾವು ತಿನ್ನುವ ಒಣಮೀನಿಗೆ ಹಾಕುವ ಉಪ್ಪು ಕೋಳಿಗೆ ವಿಷದಷ್ಟೇ ಕೆಟ್ಟದ್ದು, ಮರಿಗಳು ಸಾಯಲೂಬಹುದು. ಇವತ್ತೇ ನಿಲ್ಲಿಸಿ, ಒಳ್ಳೆಯ ನೀರು ಯಾವಾಗಲೂ ಇರಲಿ, ಮೂರು ನಾಲ್ಕು ದಿನದಲ್ಲಿ ಹಿಕ್ಕೆ ಗಟ್ಟಿಯಾಗಬೇಕು. ಪ್ರೋಟೀನಿಗೆ ಸೋಯಾ ಹಿಂಡಿ ತನ್ನಿ. ಹಸಿ ಸೋಯಾ ಕಾಳು ಹಾಕಬೇಡಿ, ಅದರಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶ ಇದೆ, ಹುರಿದರೆ ಇಲ್ಲವೇ ಚೆನ್ನಾಗಿ ಬೇಯಿಸಿದರೆ ಮಾತ್ರ ಹೋಗುತ್ತದೆ. ಮೀನೇ ಹಾಕಬೇಕು ಅಂದರೆ ಉಪ್ಪು ಹಾಕದೆ ಒಣಗಿಸಿದ್ದು ಕೇಳಿ ತನ್ನಿ. ತಂದ ಮೇಲೆ ಒಂದು ಚೂರು ನಾಲಿಗೆಗೆ ಇಟ್ಟು ನೋಡಿಯೇ ಹಾಕಿ.